ಚಪ್ಪಟೆ ಹಾಸಿಗೆಯೂ ಕಾಲು ಲೀಟರ್ ಡಿಕಾಕ್ಷನ್ನೂ

ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ಸುತ್ತು ಹಾಕುವವರಲ್ಲಿ ಎರಡು ಪಂಗಡ. ಸಕ್ಕರೆ ಕಾಯಿಲೆ ಇರುವವರದ್ದೊಂದು, ಮಕ್ಕಳು ಫಾರಿನ್ನಿನಲ್ಲಿ ಇರುವವರದ್ದೊಂದು. ಎರಡೂ ಇರುವವರು ಸುತ್ತು ಹಾಕುವುದಿಲ್ಲ, ಬೆಂಚು ಹಿಡಿದು ಮಾತಾಡುತ್ತಾರೆ. ಈ ಬೆಂಚಿನ ಮೇಲೆ ಒಂದು ಕಾಲಕ್ಕೆ ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಗಳ ಹೋಲಿಕೆ ನಡೆಯುತ್ತಿತ್ತು. ಆಮೇಲೆ ಸಿಇಟಿ ರ‍್ಯಾಂಕು, ಆಮೇಲೆ ಡಾಲರ್ ಸಂಬಳ. ಈಗ ಆ ಮಕ್ಕಳ ತಲೆಯೇ ನರೆತಿದೆ. ಹೋಲಿಸಲು ಉಳಿದಿರುವುದು ಒಂದೇ: ಅಪ್ಪ ಅಮ್ಮನನ್ನು ಯಾರು ಯಾವ ವಿಮಾನದಲ್ಲಿ, ಯಾವ ಕ್ಲಾಸಿನಲ್ಲಿ ಕರೆಸಿಕೊಂಡರು.

ಎಕಾನಮಿ ಎಂದವರಿಗೆ ಬೆಂಚಿನ ತುದಿ. ಪ್ರೀಮಿಯಂ ಎಕಾನಮಿ ಎಂದವರಿಗೆ ಒಂದಿಷ್ಟು ಅನುಕಂಪ. ಬಿಸಿನೆಸ್ ಎಂದರೆ ಎಲ್ಲರೂ ಸರಿದು ನಡುವಿನ ಜಾಗ ಬಿಡುತ್ತಾರೆ, ಹಿಂದೆಯೇ ಪಾಟಿ ಸವಾಲೂ ಶುರುವಾಗುತ್ತದೆ. "ದುಡ್ಡು ಕೊಟ್ಟು ತಗೊಂಡಿದ್ದೋ, ಪಾಯಿಂಟ್ಸಲ್ಲಿ ಬಂದಿದ್ದೋ?" ಪಾಯಿಂಟ್ಸು ಎಂದರೆ ಮರ್ಯಾದೆ ಅರ್ಧಕ್ಕೆ ಇಳಿಯಿತು ಅಂತಲೇ ಲೆಕ್ಕ.

ಇದೆಲ್ಲ ಗೊರೂರಿಗೆ ಮಾಡುವ ಅಪಚಾರ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಒಂದು ರೂಪಾಯಿ ಟಿಕೆಟ್ಟು ಎಂದು ಸಾರಿ, ರೈಲಿಗೆ ಮಾತ್ರ ಹತ್ತುತ್ತಿದ್ದವರನ್ನು ವಿಮಾನಕ್ಕೆ ಹತ್ತಿಸಿದ ಕ್ಯಾಪ್ಟನ್ ಗೋಪಿನಾಥ್ ಬೆಳೆದದ್ದು ನಮ್ಮ ಜಿಲ್ಲೆಯ ಗೊರೂರಿನಲ್ಲೇ. ಆಕಾಶದಲ್ಲಿ ಉಪಚಾರ ಬೇಡ, ಊರು ಮುಟ್ಟಿಸಿದರೆ ಸಾಕು ಎಂದು ದೇಶಕ್ಕೇ ಕಲಿಸಿದ ಜಿಲ್ಲೆ ಇದು. ಈಗ ಅದೇ ಜಿಲ್ಲೆಯ ಹಿರಿಯರು ಯಾವ ಕಂಪನಿಯ ರಗ್ಗು ಮೆತ್ತಗೆ ಎಂದು ಜಗಳ ಕಾಯುತ್ತಾರೆ.

ರಗ್ಗಿನ ವಿಷಯ ಬಿಡಿ, ಸೀಟಿನದೇ ಒಂದು ಪುರಾಣ. ಬಿಸಿನೆಸ್ ಕ್ಲಾಸ್ ಹುಟ್ಟಿದ್ದು 1970ರ ದಶಕದ ಕೊನೆಗೆ. ಪೂರ್ತಿ ದರ ಕೊಟ್ಟು ಕಂಪನಿ ಕೆಲಸಕ್ಕೆ ಹೋಗುವವರು, ರಿಯಾಯಿತಿ ದರದ ಪ್ರವಾಸಿಗರ ನಡುವೆ ಸಿಕ್ಕಿ ಗೊಣಗುತ್ತಿದ್ದರು. ಅವರನ್ನು ಸಮಾಧಾನ ಮಾಡಲು ನಡುವೆ ಒಂದು ಪರದೆ ಎಳೆದು, ಕಾಲು ಚಾಚಲು ಜಾಗ ಕೊಟ್ಟರು. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಅದೇ ಕ್ಲಾಸಿಗೆ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದಿತು. 2017ರಲ್ಲಿ ಕತಾರ್ ಏರ್‌ವೇಸ್ ಕ್ಯೂಸೂಟ್ ಎಂದು ಹೆಸರಿಟ್ಟು ಸೀಟಿಗೊಂದು ಬಾಗಿಲನ್ನೇ ಕೂರಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಬ್ರಿಟಿಷ್ ಏರ್‌ವೇಸಿನ ಹೊಸ ಸೀಟಿಗೂ ಬಾಗಿಲು ಬಂತು, ಜಪಾನಿನ ಎಎನ್‌ಎಗೂ ಬಂತು. ಅಂದರೆ ದುಡ್ಡು ಏರಿದ ಹಾಗೆ ಪಕ್ಕದ ಮನುಷ್ಯ ದೂರವಾಗುತ್ತ ಹೋಗಬೇಕು, ಕೊನೆಗೆ ಕಣ್ಣಿಗೂ ಬೀಳಬಾರದು. ಜಗತ್ತಿನ ಉಳಿದವರಿಗೆ ಅದು ಸುಖವೇ ಇರಬೇಕು. ನಮ್ಮ ಬೆಂಚಿನವರಿಗೆ ಆದ ಫಜೀತಿಗಳೆಲ್ಲ ಹುಟ್ಟಿದ್ದು ಮಾತ್ರ ಅಲ್ಲೇ.

ಗಣಿತದ ಮೇಷ್ಟ್ರನ್ನೇ ತೆಗೆದುಕೊಳ್ಳಿ. ಮಗಳು ಅಮೆರಿಕದಲ್ಲಿ. ಅಪ್ಪನಿಗೆ ಬಿಸಿನೆಸ್ ಕ್ಲಾಸು ಹಾಕಿಸಿದ್ದಳು. ಈಗಿನ ಒಳ್ಳೆಯ ಏರ್‌ಲೈನ್ಸುಗಳಲ್ಲಿ ಊಟಕ್ಕೆ ಹೊತ್ತು ಅಂತ ಇಲ್ಲ, ನಿಮಗೆ ಹಸಿದಾಗ ನೀವು ಕೇಳಬೇಕು. ವಿಮಾನ ಮೇಲೇರಿದ ಮೇಲೆ ಗಗನಸಖಿ ಬಂದು, ಮಂಡಿಯೂರಿ ಕೂತು, ಊಟ ತರಲೇ ಎಂದು ಕೇಳಿದಳಂತೆ. ಮೇಷ್ಟ್ರು ಹಾಸನದವರು. ಕೇಳಿದ ಕೂಡಲೇ ಹೂಂ ಅಂದರೆ ಹೊಟ್ಟೆಬಾಕ ಅಂದುಕೊಳ್ಳುವುದಿಲ್ಲವೇ? "ಈಗ ಬೇಡಮ್ಮ" ಎಂದರು.

ನಮ್ಮ ಕಡೆ ಈ ಮೊದಲನೇ ಬೇಡಕ್ಕೆ ಬೆಲೆ ಇಲ್ಲ. ಎರಡನೆಯದಕ್ಕೆ ಸ್ವಲ್ಪ ಇದೆ. ಮೂರನೆಯದು ನಿಜವಾದ ಬೇಡ, ಅದಕ್ಕೂ ಒಂದು ಸೌಟು ಬಿದ್ದೇ ಬೀಳುತ್ತದೆ. ಮದುವೆ ಪಂಕ್ತಿಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತವನಿಗೆ ಬೆರಳ ಸಂದಿಯಿಂದ ಹೋಳಿಗೆ ಇಳಿಸುವವನನ್ನೇ ಅಲ್ಲವೇ ನಾವು ಬಡಿಸುವವನು ಎನ್ನುವುದು? ಆ ಹುಡುಗಿಗೆ ಇದು ಯಾರು ಹೇಳಬೇಕು? ನಕ್ಕಳು, ಬೇಕೆನಿಸಿದಾಗ ಈ ಗುಂಡಿ ಒತ್ತಿ ಎಂದಳು, ಹೋದಳು. ಬಿಸಿನೆಸ್ ಕ್ಲಾಸಿನ ಶಿಷ್ಟಾಚಾರದಲ್ಲಿ ಒಮ್ಮೆ ಬೇಡವೆಂದ ಪ್ರಯಾಣಿಕನನ್ನು ಮತ್ತೆ ಕೇಳುವುದು ಉಪದ್ರವ ಕೊಟ್ಟಂತೆ.

ಮೇಷ್ಟ್ರು ಕಾದರು. ದೀಪ ಆರಿಸಿದರು. ಮುಂದಿನ ಸಾಲಿನಿಂದ ಬೆಣ್ಣೆ ಹಾಕಿ ಹುರಿದದ್ದೇನೋ ಘಮ್ಮೆಂದಿತು. ಗುಂಡಿ ಕೈಗೆಟುಕುವಷ್ಟರಲ್ಲೇ ಇತ್ತು. "ರಾತ್ರಿ ಹೊತ್ತು ಒಂದು ಹೆಣ್ಣುಮಗೂನ ಊಟಕ್ಕೆ ಅಂತ ಗಂಟೆ ಬಾರಿಸಿ ಎಬ್ಬಿಸೋದಾ, ನಮ್ಮ ಮನೇಲೇ ನಾನು ಹಾಗೆ ಮಾಡಿದೋನಲ್ಲ ಕಣ್ರೀ" ಎನ್ನುತ್ತಾರೆ. ಕೊನೆಗೆ ಚೀಲದಲ್ಲಿ ಮಗಳಿಗೆಂದು ಒಯ್ಯುತ್ತಿದ್ದ ನಿಪ್ಪಟ್ಟಿನ ಕಟ್ಟು ಬಿಚ್ಚಿ ರಗ್ಗಿನ ಒಳಗೆ ತಲೆ ಹಾಕಿ ತಿಂದರು. ನಿಪ್ಪಟ್ಟನ್ನು ಸದ್ದಿಲ್ಲದೆ ತಿನ್ನುವ ವಿದ್ಯೆ ಇನ್ನೂ ಯಾರಿಗೂ ಒಲಿದಿಲ್ಲ. ಪಕ್ಕದಾತ ನಡುವಿನ ತಡಿಕೆ ಏರಿಸಿಕೊಂಡ. ಇಳಿಯುವಾಗ ಮೇಷ್ಟ್ರು ಮೆನು ಕಾರ್ಡನ್ನು ಜೇಬಿಗಿಳಿಸಿಕೊಂಡು ಬಂದರು. ಈಗಲೂ ಬೆಂಚಿನಲ್ಲಿ ಅದನ್ನು ತೆಗೆದು, ತಾವು ತಿನ್ನದ ಮೂರು ಕೋರ್ಸಿನ ಊಟವನ್ನು ಓದಿ ಹೇಳುತ್ತಾರೆ.

ಕೆಇಬಿಯಲ್ಲಿದ್ದ ಎಂಜಿನಿಯರ್ ಸಾಹೇಬರಿಗೆ ಆದದ್ದು ಬೇರೆ. ಕೆಲವು ವಿಮಾನಗಳ ಸೀಟು ಗುಂಡಿ ಒತ್ತಿದರೆ ಹಾಸಿಗೆಯಾಗುವುದಿಲ್ಲ. ಎದ್ದು ನಿಂತು, ಬೆನ್ನೊರಗನ್ನು ಮುಂದಕ್ಕೆ ಮಗುಚಬೇಕು, ಅದರ ಹಿಂಬದಿಯೇ ಹಾಸಿಗೆ. ಸಾಹೇಬರು ಇರುವ ಗುಂಡಿಗಳನ್ನೆಲ್ಲ ಒತ್ತಿದರು, ದೀಪ ಹತ್ತಿತು, ಸೊಂಟಕ್ಕೆ ಏನೋ ಗುದ್ದಿತು, ಹಾಸಿಗೆ ಮಾತ್ರ ಬರಲಿಲ್ಲ. ಸಬ್‌ಸ್ಟೇಷನ್ನುಗಳನ್ನೇ ನಡೆಸಿದವರು ಒಂದು ಕುರ್ಚಿಯ ವಿಷಯಕ್ಕೆ ಬೇರೆಯವರನ್ನು ಕೇಳುವುದುಂಟೇ? ಬೆಳಗಿನ ತನಕ ಕೂತೇ ನಿದ್ದೆ ಮಾಡಿದರು. ತಿಂಡಿ ಹೊತ್ತಿಗೆ ಪಕ್ಕದಾಕೆ ಎದ್ದು ತನ್ನ ಹಾಸಿಗೆಯನ್ನು ಮಡಿಚಿ ಸೀಟು ಮಾಡಿದ್ದನ್ನು ನೋಡಿದಾಗಲೇ ಗುಟ್ಟು ತಿಳಿದದ್ದು.

ಎಂಜಿನಿಯರಿಗೆ ಇಷ್ಟವಾದದ್ದು ಎಮಿರೇಟ್ಸಿನ ಎರಡಂತಸ್ತಿನ ಎ380. 2022ರ ಅಕ್ಟೋಬರಿನಲ್ಲಿ ಅದು ಬೆಂಗಳೂರಿಗೂ ಬರತೊಡಗಿತು. ಅದರ ಮೇಲಂತಸ್ತಿನ ಹಿಂತುದಿಯಲ್ಲಿ ಒಂದು ಬಾರ್ ಇದೆ. ಇವರು ಕುಡಿಯುವುದು ಕಿತ್ತಳೆ ಜ್ಯೂಸ್ ಮಾತ್ರ. ಆದರೂ ಅಲ್ಲಿಂದ ಕದಲಲಿಲ್ಲ, ಬಂದವರಿಗೆಲ್ಲ ಯಾವೂರು, ಎಷ್ಟು ಮಕ್ಕಳು ಎಂದು ವಿಚಾರಿಸುತ್ತ ನಿಂತಿದ್ದರಂತೆ. ಮೇಷ್ಟ್ರಿಗೂ ಹಾಗೇ. ಬ್ರಿಟಿಷ್ ಏರ್‌ವೇಸಿನ ಹಳೆಯ ಕ್ಲಬ್ ವರ್ಲ್ಡ್ ಸೀಟುಗಳಲ್ಲಿ ಒಬ್ಬ ಮುಂದಕ್ಕೆ ಮುಖ ಮಾಡಿದರೆ ಪಕ್ಕದವ ಹಿಂದಕ್ಕೆ, ಹೀಗಾಗಿ ಇಬ್ಬರೂ ಮುಖಾಮುಖಿ. ವಿಮಾನ ಏರುವಾಗ ನಡುವಿನ ಮರೆಯನ್ನು ಇಳಿಸಿಯೇ ಇರಬೇಕು. ಪ್ರಯಾಣಿಕರು ಅದೊಂದು ಮುಜುಗರ ಎಂದು ವರ್ಷಗಟ್ಟಲೆ ದೂರಿದರು. ಮೇಷ್ಟ್ರು ಮಾತ್ರ ಆ ಸೀಟನ್ನು ಜಗತ್ತಿನಲ್ಲೇ ಶ್ರೇಷ್ಠ ಎನ್ನುತ್ತಾರೆ.

ಕ್ಯೂಸೂಟಿನಲ್ಲಿ ನಡುವಿನ ಜೋಡಿ ಸೀಟಿನ ಮರೆ ಸರಿಸಿದರೆ ಡಬಲ್ ಬೆಡ್ ಆಗುತ್ತದೆ. ಬ್ಯಾಂಕಿನಿಂದ ನಿವೃತ್ತರಾದ ದಂಪತಿಗೆ ಸಿಬ್ಬಂದಿ ಪ್ರೀತಿಯಿಂದ ಅದನ್ನು ಮಾಡಿಕೊಡಲು ಬಂದಾಗ ಇಬ್ಬರೂ ಒಂದೇ ಉಸಿರಿಗೆ "ಬೇಡ" ಎಂದರಂತೆ. ಇದು ಮೊದಲನೆಯದಾದರೂ ನಿಜವಾದ ಬೇಡ.

ನನ್ನ ಅಕ್ಕ ಭಾವ ಈ ಬೆಂಚಿನವರಲ್ಲ. ಚಿಕ್ಕಮಗಳೂರಿನ ಆಲ್ದೂರು ಕಡೆ ಅವರ ಕಾಫಿ ತೋಟ. ಮಗ ಲಂಡನ್ನಿನಲ್ಲಿ. ಅಕ್ಕ ಮೊಟ್ಟೆಯ ಹೆಸರು ಹೇಳಿದರೂ ಬಾಯಿ ತೊಳೆಯುವವಳು. ಮಗ ಟಿಕೆಟ್ ಮಾಡುವಾಗ ಊಟದ ಪಟ್ಟಿಯಲ್ಲಿ 'ಹಿಂದೂ ಮೀಲ್' ಎಂದು ಕಂಡಿತು, ಅಮ್ಮನಿಗೆ ಇದೇ ಸರಿ ಎಂದು ಒತ್ತಿದ. ವಿಮಾನ ಕಂಪನಿಗಳ ಸಂಕೇತದಲ್ಲಿ ಅದು ಎಚ್‌ಎನ್‌ಎಂಎಲ್. ದನದ ಮಾಂಸ ಇರುವುದಿಲ್ಲ ಅನ್ನುವುದೇ ಅದರ ಮುಖ್ಯ ಭರವಸೆ. ಕೋಳಿ, ಕುರಿ, ಮೀನು ಧಾರಾಳವಾಗಿ ಬರಬಹುದು. ನಮ್ಮ ಸಸ್ಯಾಹಾರದ ಊಟ ಬೇಕಿದ್ದರೆ ಎವಿಎಂಎಲ್ ಎಂದಿರಬೇಕು. ಬೆಳ್ಳಿಯಂತೆ ಹೊಳೆಯುವ ಚಮಚ, ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಪಿಂಗಾಣಿ ತಟ್ಟೆ, ಅದರ ನಡುವೆ ಕೋಳಿ ಕಾಲು. ಅಕ್ಕ ಕಿರುಚಲಿಲ್ಲ. ಕರವಸ್ತ್ರ ಮುಚ್ಚಿ ಕೈಮುಗಿದಳು. ಗಗನಸಖಿಯೂ ಪಾಪ, ಇದು ನಮ್ಮ ದೇಶದ ಪದ್ಧತಿ ಎಂದುಕೊಂಡು ತಿರುಗಿ ಕೈಮುಗಿದು, ತಟ್ಟೆಯನ್ನು ಅಲ್ಲೇ ಬಿಟ್ಟು ಹೋದಳು.

ಆ ಹೊತ್ತಿಗೆ ಭಾವ ಅಕ್ಕನ ಸಹಾಯಕ್ಕೆ ಬರುವ ಸ್ಥಿತಿಯಲ್ಲಿರಲಿಲ್ಲ. ಕಾರಣ ಡಿಕಾಕ್ಷನ್ನು.

ವಿಮಾನದ ಕಾಫಿಯ ಬಗ್ಗೆ ಭಾವನಿಗೆ ಒಂದು ಸಿದ್ಧಾಂತ ಇದೆ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,330 ಅಡಿ. "ಗಿರಿ ತುದೀಲಿ ನೀರು ಕಾಯ್ಸಿ ನೋಡು, ನೂರು ಡಿಗ್ರಿ ಮುಟ್ಟಲ್ಲ. ಎಂಟು ಸಾವಿರ ಅಡೀಲಿ ತೊಂಬತ್ತೆರಡಕ್ಕೇ ಕುದ್ದುಬಿಡ್ತದೆ. ಅದ್ರಲ್ಲಿ ಎಂಥ ಕಾಫಿ ಆಗ್ತದೆ ಮಾರಾಯ?" ಕಾಫಿಗೆ ಆ ಬಿಸಿ ಸಾಕೇ ಸಾಕು, ಕೆಡುವುದು ಟೀ ಎಂದು ನಾನು ಹೇಳಿದೆ. ವಿಮಾನದೊಳಗಿನ ಗಾಳಿ ವಿಪರೀತ ಒಣಗಿರುತ್ತದೆ, ಮೂಗು ಕಟ್ಟುತ್ತದೆ, ಉಪ್ಪು ಸಿಹಿ ಎರಡೂ ನಾಲಿಗೆಗೆ ಮಂಕಾಗುತ್ತವೆ, ದೋಷ ಕಾಫಿಯದ್ದಲ್ಲ ಎಂದೂ ಹೇಳಿದೆ. ಬಾಬಾ ಬುಡನ್ ಯೆಮನ್ನಿನಿಂದ ಬೀಜ ತಂದ ಬೆಟ್ಟದ ಬುಡದವರಿಗೆ ಹಾಸನದವನೊಬ್ಬ ಕಾಫಿ ಪಾಠ ಹೇಳುವುದೇ? ತಮ್ಮದೇ ತೋಟದ ಅರೇಬಿಕಾ, ಚಿಕೋರಿ ಇಲ್ಲದ್ದು, ಹಿಂದಿನ ರಾತ್ರಿಯೇ ಇಳಿಸಿದ ಗಟ್ಟಿ ಡಿಕಾಕ್ಷನ್ನು, ಕಾಲು ಲೀಟರಿನ ಸ್ಟೀಲ್ ಬಾಟಲಿಯಲ್ಲಿ ತುಂಬಿಕೊಂಡು ಹೊರಟರು. ವಿಮಾನದಲ್ಲಿ ಬಿಸಿ ಹಾಲು ಕೇಳಿ ಬೆರೆಸಿಕೊಳ್ಳುವುದು ಯೋಜನೆ.

ನಮ್ಮಲ್ಲಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಕ್ಕೆ ನೂರು ಮಿಲಿಲೀಟರಿಗಿಂತ ದೊಡ್ಡ ಬಾಟಲಿಯ ದ್ರವ ಕೈಚೀಲದಲ್ಲಿ ಒಯ್ಯುವಂತಿಲ್ಲ. 2006ರಲ್ಲಿ ಲಂಡನ್ನಿನಲ್ಲಿ ಬಯಲಾದ ಸಂಚಿನ ನಂತರ ಜಗತ್ತಿನಾದ್ಯಂತ ಬಂದ ನಿಯಮ ಅದು. ಬಿಸಿನೆಸ್ ಕ್ಲಾಸಿನವರಿಗೆ ಬೇರೆ ಸಾಲು ಇರಬಹುದು, ಬೇರೆ ನಿಯಮ ಇಲ್ಲ. ತಪಾಸಣೆಯವರು ಬಾಟಲಿ ತೆಗೆದು ಕಸದ ತೊಟ್ಟಿ ತೋರಿಸಿದರು. ಭಾವ ತೊಟ್ಟಿ ನೋಡಿದರು, ಬಾಟಲಿ ನೋಡಿದರು. ವರ್ಷವಿಡೀ ಬೋರರ್ ಹುಳು, ಮಳೆ, ಕೂಲಿಯಾಳು ಎಲ್ಲದರೊಂದಿಗೆ ಹೋರಾಡಿ ಬೆಳೆದದ್ದು. ಮುಚ್ಚಳ ತಿರುಗಿಸಿ, ಅಲ್ಲೇ ನಿಂತು, ಅಷ್ಟನ್ನೂ ಕುಡಿದರು. ಹಾಲಿಲ್ಲ, ಸಕ್ಕರೆ ಇಲ್ಲ. ಹಿಂದಿನ ಸಾಲಿನ ಯಾರೋ ಚಪ್ಪಾಳೆ ತಟ್ಟಿದರಂತೆ.

ಬೆಂಗಳೂರಿನಿಂದ ಲಂಡನ್ನಿಗೆ ಹತ್ತು ಗಂಟೆಯ ಮೇಲೆ. ಎಕಾನಮಿಗಿಂತ ಮೂರು ನಾಲ್ಕು ಪಟ್ಟು ಬೆಲೆ ಕೊಟ್ಟು ಕೊಂಡ ಆರಡಿಯ ಹಾಸಿಗೆ, ಎರಡು ದಿಂಬು, ಕಣ್ಣಪಟ್ಟಿ, ಕಾಲುಚೀಲ. ಅದರ ಮೇಲೆ ಭಾವ ಕಣ್ಣು ಬಿಟ್ಟುಕೊಂಡು ಅಂಗಾತ ಮಲಗಿದ್ದರು. ಎದೆ ಡವಗುಟ್ಟುತ್ತಿತ್ತು. ಎದ್ದು ನಡೆದರು, ಬಂದು ಮಲಗಿದರು, ಮತ್ತೆ ಎದ್ದರು. ಇರಾನಿನ ಮೇಲೆ ಹಾರುವಾಗ ಅಕ್ಕನನ್ನು ಎಬ್ಬಿಸಿ, ರೋಬಸ್ಟಾ ಕಿತ್ತು ಎಲ್ಲವನ್ನೂ ಅರೇಬಿಕಾ ಮಾಡೋಣವೇ ಎಂದು ಕೇಳಿದರು. ಕಪ್ಪು ಸಮುದ್ರದ ಹತ್ತಿರ ಮತ್ತೆ ಎಬ್ಬಿಸಿ, ಬೇಡ, ಮೆಣಸಿನ ಬಳ್ಳಿ ಹೆಚ್ಚು ಹಾಕೋಣ ಎಂದರು. ಅಕ್ಕ ಅಷ್ಟರಲ್ಲಿ ಕೋಳಿ ನೋಡಿ ಹಸಿದು ಮಲಗಿದ್ದವಳು. ಆಮೇಲೆ ಹೀಥ್ರೂವರೆಗೆ ಇಬ್ಬರಿಗೂ ಮಾತಿಲ್ಲ.

ನನ್ನ ಅನುಭವ ಇಷ್ಟು ದೊಡ್ಡದಲ್ಲ. ಮಗಳು ಒಮ್ಮೆ ಕೂರಿಸಿದ್ದಳು. ಇಂಥ ಬಹುಪಾಲು ಸೀಟುಗಳಲ್ಲಿ ಪಾದಗಳನ್ನು ಮುಂದಿನವನ ಪಕ್ಕದ ಮೇಜಿನಡಿಯ ಗೂಡಿಗೆ ತೂರಿಸಬೇಕು. ಮಗ್ಗುಲು ಬದಲಿಸಬೇಕೆಂದರೆ ಪಾದಗಳ ಒಪ್ಪಿಗೆ ಪಡೆಯಬೇಕು. ಸಾಲಿನ ತೀರ ಮುಂದಿನ, ಗೋಡೆಯೆದುರಿನ ಸೀಟು ಸಿಕ್ಕಿದರೆ ಗೂಡು ಸಾಮಾನ್ಯವಾಗಿ ದೊಡ್ಡದಿರುತ್ತದೆ. ದೊಡ್ಡ ಪಾದದವರು ಊಟದ ಪಟ್ಟಿ ನೋಡುವ ಮೊದಲು ಇದನ್ನು ನೋಡಿಕೊಳ್ಳಿ. ಟರ್ಕಿಷ್ ಏರ್‌ಲೈನ್ಸಿನಲ್ಲಿ ಬಿಳಿ ಟೋಪಿಯ ಬಾಣಸಿಗ ಬರುತ್ತಾನೆ, ಮೇಜಿನ ಮೇಲೆ ಬ್ಯಾಟರಿ ಮೇಣದಬತ್ತಿ ಇಡುತ್ತಾರೆ, ನಿಜ. ಸಿಂಗಪುರ ಏರ್‌ಲೈನ್ಸಿನಲ್ಲಿ ಬೇಕಾದ ಅಡುಗೆಯನ್ನು ಮುಂಚೆಯೇ ಹೇಳಿಡಬಹುದು, ಅದೂ ನಿಜ. ಆದರೆ ಮಂಡಿ ನೋವಿನ ವಯಸ್ಸಿಗೆ ಬಂದವರು ಕೊಡುವ ದುಡ್ಡೆಲ್ಲ ಕಾಲು ನೀಡುವುದಕ್ಕೇ. ಉಳಿದದ್ದು ಅಲಂಕಾರ. ಅವರು ಕೊಡುವ ಚಂದದ ಪೌಚಿನಲ್ಲಿ ಈಗ ನಮ್ಮ ಮನೆಯ ಬಿಪಿ ಮಾತ್ರೆಗಳೂ ಎಲ್‌ಐಸಿ ರಸೀದಿಗಳೂ ಇವೆ.

ಇಷ್ಟಾಗಿಯೂ ಹಾಸನದಿಂದ ವಿಮಾನ ಹಾರುವ ತನಕ ನಮ್ಮ ಬಿಸಿನೆಸ್ ಕ್ಲಾಸಿಗೆ ಮೊದಲು ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರ್ ರಸ್ತೆ ಇದ್ದೇ ಇದೆ. ಮಂಗಳೂರು ಕಡೆಯಿಂದ ಬರುವ ಐರಾವತ ಕ್ಲಬ್ ಕ್ಲಾಸ್ ಬಸ್ಸಿನಲ್ಲಿ ಬೆಂಗಳೂರು ಸೇರಿ, ಅಲ್ಲಿಂದ ಏರ್‌ಪೋರ್ಟಿಗೆ. ಬಸ್ಸು, ವಿಮಾನ ಎರಡರಲ್ಲೂ ಕೂತು ಬಂದ ನಮ್ಮ ಮನೆಯಾಕೆಯ ತೀರ್ಪು: ಬಸ್ಸಿನ ಕಿಟಕಿ ದೊಡ್ಡದು.

ಮೊನ್ನೆ ಆಲ್ದೂರಿಗೆ ಹೋಗಿದ್ದೆ. ಕೊಯ್ಲು ಮುಗಿದ ಮೇಲೆ ಮತ್ತೆ ಲಂಡನ್ನಿಗೆ ಹೊರಡುವ ಸಿದ್ಧತೆ. ಕಾಫಿ ಕಣದ ಮೂಲೆಯಲ್ಲಿ ಕೆಮ್ಮಿನ ಔಷಧದ ನೂರು ಮಿಲಿಯ ಖಾಲಿ ಶೀಷೆಗಳನ್ನು ತೊಳೆದು ಬೋರಲು ಹಾಕಿದ್ದರು. ಒಬ್ಬರಿಗೆ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯುವಷ್ಟು ಶೀಷೆ ಒಯ್ಯಬಹುದು, ಇಬ್ಬರು ಅಂದರೆ ಎರಡು ಚೀಲ ಎಂದು ಭಾವ ಲೆಕ್ಕ ಹೇಳಿದರು. ಅಕ್ಕ ಏನೂ ಹೇಳಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು:

"ಬಾಗಿಲಿರೋ ಸೀಟು ಅಂದ್ಯಲ್ಲ, ಒಳಗಡೆಯಿಂದ ಚಿಲಕ ಇರ್ತದಾ?"

ಇಲ್ಲ ಅಕ್ಕ, ಎದೆಮಟ್ಟದ ಬಾಗಿಲು, ಏರುವಾಗ ಇಳಿಯುವಾಗ ತೆಗೆದೇ ಇಡಬೇಕು ಎಂದೆ.

"ಹಂಗಾದ್ರೆ ನಿನ್ನ ಭಾವಂಗೆ ಎಕಾನಮಿ ಸಾಕು ಅಂತ ಮಗನಿಗೆ ನೀನೇ ಒಂದು ಮಾತು ಹೇಳಿಬಿಡು" ಎಂದಳು.