ಒಂದೇ ಕಂಪನಿಯ ಎರಡು ಮೂರು ಇಮೇಲ್: ಉಳಿಯುವುದು ಯಾವುದು ಅಂತ ಬರೆದುಕೊಡಿ

ಆಫೀಸುಗಳಿಗೆ ಇಮೇಲ್ ವ್ಯವಸ್ಥೆ ಮಾಡಿಕೊಡುವುದು, ಕೆಟ್ಟರೆ ಸರಿಪಡಿಸುವುದು, ಹಳೆಯದರಿಂದ ಹೊಸದಕ್ಕೆ ಸಾಗಿಸುವುದು ನನ್ನ ಕೆಲಸ. ಪೀಣ್ಯ, ಬೊಮ್ಮಸಂದ್ರದ ಕಡೆಯ ಸಣ್ಣ ಕಾರ್ಖಾನೆಗಳು, ಕೆಲವು ಆಡಿಟರ್ ಆಫೀಸುಗಳು ನನ್ನ ಗಿರಾಕಿಗಳು. ಮೊದಲೆಲ್ಲ "ಯಾವ ಕಂಪನಿಯದು ತಗೊಳ್ಳೋಣ ಸರ್?" ಅಂತ ಕೇಳುತ್ತಿದ್ದರು. ಈಗ ಕೇಳುವುದೇ ಬೇರೆ: "ಒಂದೇ ಕಂಪನಿಯವರು ಎರಡು ಮೂರು ಮಾರ್ತಾರಲ್ಲ ಸರ್, ಅದ್ರಲ್ಲಿ ಉಳಿಯೋದು ಯಾವುದು?"

ನನ್ನ ನಿಲುವು ಇಷ್ಟು. ಒಂದೇ ಕೆಲಸ ಮಾಡುವ ಎರಡು ಇಮೇಲ್‌ಗಳನ್ನು ಒಂದೇ ಗಿರಾಕಿಯ ಮುಂದೆ ಇಡುವ ಕಂಪನಿ, ಯಾವುದನ್ನು ಎಷ್ಟು ವರ್ಷ ನಡೆಸುತ್ತೇವೆ ಎಂಬುದನ್ನು ಮಾರುವ ಮೊದಲೇ ಬರೆದುಕೊಡಬೇಕು. ಬರೆದುಕೊಡದಿದ್ದರೆ ಎರಡನ್ನೂ ಕೊಳ್ಳಬಾರದು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ, ಆಫೀಸುಗಳ ಇಮೇಲ್ ಮತ್ತು ಕಡತಗಳ ತಂತ್ರಾಂಶವಾದ ಲೋಟಸ್ ನೋಟ್ಸ್‌ನ ಚರಿತ್ರೆ. ರೇ ಓಜಿ ಮತ್ತು ಅವರ ಐರಿಸ್ ಅಸೋಸಿಯೇಟ್ಸ್ ತಂಡ ಕಟ್ಟಿದ ನೋಟ್ಸ್ ಅನ್ನು ಲೋಟಸ್ ಕಂಪನಿ 1989ರಲ್ಲಿ ಮಾರುಕಟ್ಟೆಗೆ ತಂದಿತು. ಎರಡೇ ವರ್ಷಕ್ಕೆ, 1991ರಲ್ಲಿ, ಅದೇ ಲೋಟಸ್ ಸಿಸಿ ಮೇಲ್ ಎಂಬ ಇನ್ನೊಂದು ಇಮೇಲ್ ಕಂಪನಿಯನ್ನೂ ಕೊಂಡಿತು. 1995ರಲ್ಲಿ ಐಬಿಎಂ ಸುಮಾರು 350 ಕೋಟಿ ಡಾಲರ್ ಕೊಟ್ಟು ಲೋಟಸ್ ಅನ್ನೇ ಕೊಂಡಾಗ, ಐಬಿಎಂನ ಬಳಿ ದೊಡ್ಡ ಕಂಪ್ಯೂಟರ್ ಆದ ಮೇನ್‌ಫ್ರೇಮ್ ಮೇಲೆ ನಡೆಯುವ ಆಫೀಸ್‌ವಿಷನ್ ಎಂಬ ಇಮೇಲ್ ವ್ಯವಸ್ಥೆ ಮೊದಲೇ ಇತ್ತು. ಅಲ್ಲಿಗೆ ಮೂರಾಯಿತು. ಸಿಸಿ ಮೇಲ್ ನಂಬಿದ್ದವರಿಗೆ ಕೆಲವು ವರ್ಷಗಳ ನಂತರ ನೋಟ್ಸ್‌ಗೆ ಬನ್ನಿ ಎಂದರು. ಬಂದರು.

ಬಂದವರು ನೆಮ್ಮದಿಯಾಗಿ ಕೂತರೇ? ಇಲ್ಲ. ಹೊಸ ಶತಮಾನದ ಆರಂಭದಲ್ಲಿ ಐಬಿಎಂ ವರ್ಕ್‌ಪ್ಲೇಸ್ ಎಂಬ ಹೆಸರಿನಲ್ಲಿ, ಜಾವಾ ತಳಹದಿಯ ಮೇಲೆ, ಮತ್ತೊಂದು ಇಮೇಲ್ ತಂದಿತು. ನೋಟ್ಸ್ ಮುಂದುವರಿಯುತ್ತದೆ ಎಂದು ಬಾಯಲ್ಲಿ ಹೇಳುತ್ತಲೇ ಇದ್ದರು, ಆದರೆ ವೇದಿಕೆಯ ಮೇಲೆ ಮೆರೆದದ್ದು ಹೊಸದು. ಗಿರಾಕಿ ಏನೆಂದುಕೊಳ್ಳಬೇಕು? ಹಳೆಯದಕ್ಕೆ ದುಡ್ಡು ಹಾಕಲು ಭಯ, ಹೊಸದರ ಮೇಲೆ ನಂಬಿಕೆ ಇಲ್ಲ. ಆ ಗೊಂದಲದಲ್ಲಿ ಎಷ್ಟೋ ಜನ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಎಂಬ ಇಮೇಲ್ ಸರ್ವರ್ ಕಡೆ ನಡೆದರು. ಕೆಲವೇ ವರ್ಷಗಳಲ್ಲಿ ವರ್ಕ್‌ಪ್ಲೇಸ್ ಕಣ್ಮರೆಯಾಯಿತು. ನೋಟ್ಸ್ ಉಳಿಯಿತು, ಅದರ ಮೇಲಿನ ಭರವಸೆ ಉಳಿಯಲಿಲ್ಲ.

2009ರಲ್ಲಿ ಇನ್ನೊಂದು ಅಧ್ಯಾಯ. ಹಾಂಗ್‌ಕಾಂಗ್‌ನ ಔಟ್‌ಬ್ಲೇಜ್ ಕಂಪನಿಯಿಂದ ಕೊಂಡ ಇಮೇಲ್ ಸೇವೆಯನ್ನು ಐಬಿಎಂ "ಲೋಟಸ್‌ಲೈವ್ ಐನೋಟ್ಸ್" ಎಂದು ಮಾರಿತು. ಐನೋಟ್ಸ್ ಎಂಬ ಹೆಸರಿನಲ್ಲಿ, ನೋಟ್ಸ್ ಹಿಂದೆ ನಿಂತು ನಡೆಸುವ ಡಾಮಿನೋ ಸರ್ವರ್‌ನ ವೆಬ್‌ಮೇಲ್ ಅದಕ್ಕೂ ಮೊದಲೇ ಇತ್ತು. ಹೆಸರು ಒಂದೇ, ಒಳಗಿನ ಯಂತ್ರ ಬೇರೆ. ಸಾಲದ್ದಕ್ಕೆ ಲೋಟಸ್‌ಲೈವ್ ನೋಟ್ಸ್ ಎಂಬುದೂ ಬಂತು, ಅದು ಡಾಮಿನೋ ಮೇಲೆಯೇ ನಡೆಯುವಂಥದ್ದು. ಕೊಳ್ಳುವವನನ್ನು ಹೀಗೆ ಸುತ್ತಾಡಿಸುವುದು ತಪ್ಪು. 2014ರಲ್ಲಿ ವರ್ಸ್ ಎಂಬ ಐಬಿಎಂನ ಮತ್ತೊಂದು ಇಮೇಲ್ ಘೋಷಣೆಯಾಯಿತು. 2018ರ ಡಿಸೆಂಬರ್‌ನಲ್ಲಿ ನೋಟ್ಸ್, ಡಾಮಿನೋ ಸೇರಿದಂತೆ ಹಲವು ಉತ್ಪನ್ನಗಳನ್ನು 180 ಕೋಟಿ ಡಾಲರಿಗೆ ನಮ್ಮ ದೇಶದ ಎಚ್‌ಸಿಎಲ್‌ಗೆ ಮಾರುವುದಾಗಿ ಐಬಿಎಂ ಹೇಳಿತು. ಎಚ್‌ಸಿಎಲ್ ಬಂದ ಮೇಲೆ ಡಾಮಿನೋದ ಹೊಸ ಆವೃತ್ತಿಗಳು ಒಂದರ ಹಿಂದೆ ಒಂದು ಬಂದವು. ಇದನ್ನು ಮೆಚ್ಚಿಕೊಂಡೇ ಹೇಳುತ್ತಿದ್ದೇನೆ.

ಇಷ್ಟು ಬದಲಾವಣೆಗೆ ಬೆಲೆ ತೆರುವವರು ಯಾರೆಂದು ಗೊತ್ತಾಗಬೇಕಾದರೆ ಒಂದು ಮೈಗ್ರೇಶನ್ (ಹಳೆಯದರಿಂದ ಹೊಸದಕ್ಕೆ ಸಾಗಿಸುವ ಕೆಲಸ) ಹತ್ತಿರ ನಿಂತು ನೋಡಬೇಕು. ಬರೀ ಇಮೇಲ್ ಆದರೆ ಸುಲಭ, ಐಮ್ಯಾಪ್ ಎಂಬ ಸಾಮಾನ್ಯ ವಿಧಾನದ ಮೂಲಕ ಎಳೆದುಕೊಳ್ಳಬಹುದು. ನೋಟ್ಸ್‌ನಲ್ಲಿ ಇಮೇಲ್ ಎಂಬುದು ಒಂದು ಡೇಟಾಬೇಸ್. ರಜೆ ಅರ್ಜಿ, ಖರೀದಿ ಒಪ್ಪಿಗೆ, ಗುಣಮಟ್ಟದ ದೂರು, ಎಲ್ಲವೂ ಅದರ ಪಕ್ಕದ ಡೇಟಾಬೇಸ್‌ಗಳಲ್ಲಿ ಇರುತ್ತವೆ. ಮೇಲ್‌ನೊಳಗೆ ಒಂದು ಪುಟ್ಟ ಡಾಕ್‌ಲಿಂಕ್ ಚಿಹ್ನೆ ಇರುತ್ತದೆ, ಒತ್ತಿದರೆ ನೇರವಾಗಿ ಆ ಖರೀದಿ ಕಡತ ತೆರೆಯುತ್ತದೆ. ಅದನ್ನು ಔಟ್‌ಲುಕ್‌ಗೆ ಸಾಗಿಸಿ, ಹಳೆಯ ಸರ್ವರ್ ನಿಲ್ಲಿಸಿ, ಆ ಚಿಹ್ನೆ ಒತ್ತಿದರೆ ಯಾವ ಕಡತವೂ ತೆರೆಯುವುದಿಲ್ಲ. ಎನ್‌ಕ್ರಿಪ್ಟ್ ಆದ (ಬೀಗ ಹಾಕಿದಂತೆ ಗೂಢವಾಗಿಸಿದ) ಮೇಲ್‌ಗಳು ಇನ್ನೂ ಕಷ್ಟ: ಆಯಾ ನೌಕರರ ಐಡಿ ಫೈಲ್ (ಬೀಗದ ಕೈಯಂಥ ಕಡತ) ಮತ್ತು ಪಾಸ್‌ವರ್ಡ್ ಇಲ್ಲದೆ ಅವು ಬಿಚ್ಚಿಕೊಳ್ಳುವುದಿಲ್ಲ. ಆ ನೌಕರ ನಿವೃತ್ತನಾಗಿ ಊರು ಸೇರಿದ್ದರೆ, ಐಡಿ ಫೈಲ್‌ನ ಪ್ರತಿ ಎಲ್ಲೂ ಇಲ್ಲದಿದ್ದರೆ, ಆ ಮೇಲ್‌ಗಳ ಆಸೆ ಬಿಟ್ಟ ಹಾಗೆಯೇ.

ನಮ್ಮ ಕಡೆಗೆ ಇನ್ನೊಂದು ತೊಡಕು ಇದೆ, ಹೊರಗಿನ ಯಾವ ಮೈಗ್ರೇಶನ್ ಕೈಪಿಡಿಯಲ್ಲೂ ನಾನು ಕಂಡಿಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬರೆದ ಕನ್ನಡ ಮೇಲ್‌ಗಳಲ್ಲಿ ಅಕ್ಷರ ಕನ್ನಡವಾಗಿ ಕಾಣುವುದು ಫಾಂಟ್‌ನ ಬಲದಿಂದ ಮಾತ್ರ. ಸಾಗಿಸುವಾಗ ಫಾಂಟ್‌ನ ಮಾಹಿತಿ ಬಿದ್ದುಹೋದರೆ ಇಡೀ ಪತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕಾರ್ಮಿಕ ಸಂಘದ ಜೊತೆಗಿನ ಪತ್ರವ್ಯವಹಾರ ಹಾಗಾದರೆ ಕೋರ್ಟಿನಲ್ಲಿ ಏನು ತೋರಿಸುವುದು? ಈ ಕೆಲಸವನ್ನು ಕೂತು ಒಂದೊಂದಾಗಿ ಮಾಡಬೇಕು. ಮಾಡುವವರಿಗೆ ಓವರ್‌ಟೈಮ್ ಕೊಡುವವರೂ ಕಡಿಮೆ.

ಕಂಪನಿಗಳು ಹೀಗೇಕೆ ಮಾಡುತ್ತವೆ? ಕೆಟ್ಟ ಮನಸ್ಸಿನಿಂದ ಅಂತ ನಾನು ಹೇಳುವುದಿಲ್ಲ. ಇನ್ನೊಂದು ಕಂಪನಿ ಕೊಂಡಾಗ ಅದರ ಉತ್ಪನ್ನವೂ ಜೊತೆಗೆ ಬರುತ್ತದೆ, ಅದರ ಗಿರಾಕಿಗಳನ್ನು ಕಳೆದುಕೊಳ್ಳಲು ಮನಸ್ಸಿರುವುದಿಲ್ಲ. ಹಳೆಯದು ವರ್ಷವರ್ಷ ಮೇಂಟೆನೆನ್ಸ್ ದುಡ್ಡು ತರುತ್ತದೆ, ಹೊಸದು ಪತ್ರಿಕೆಗಳಲ್ಲಿ ಹೆಸರು ತರುತ್ತದೆ. ಎರಡಕ್ಕೂ ಬೇರೆ ಬೇರೆ ತಂಡ, ಬೇರೆ ಬೇರೆ ಟಾರ್ಗೆಟ್. ನನ್ನ ಗಿರಾಕಿಯೊಬ್ಬರ ಬಳಿಗೆ ಒಂದೇ ಕಂಪನಿಯ ಇಬ್ಬರು ಪ್ರತಿನಿಧಿಗಳು ಒಂದೇ ತಿಂಗಳಲ್ಲಿ ಬಂದು, ಒಬ್ಬರು ಮಾರಿದ್ದನ್ನು ಇನ್ನೊಬ್ಬರು ಹಳತಾಯಿತು ಎಂದರು. ಮೂರು ವರ್ಷದ ಲೈಸೆನ್ಸ್‌ಗೆ ಮುಂಗಡ ಕಟ್ಟಿದ್ದ ಆ ಮಾಲೀಕರ ಮುಖ ನೋಡಿ ನನಗೆ ಸಂಕಟವಾಯಿತು. ಒಳಗಿನ ಪೈಪೋಟಿಯನ್ನು ಒಳಗೇ ಬಗೆಹರಿಸಿಕೊಂಡು ಹೊರಗೆ ಬರಬೇಕು.

ಇವತ್ತಿನ ಉದಾಹರಣೆ ಮೈಕ್ರೋಸಾಫ್ಟ್. ಔಟ್‌ಲುಕ್ ಮತ್ತು ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಸಂಬಂಧವೇ ಇಲ್ಲದ ಎರಡು ತಂತ್ರಾಂಶಗಳಿಗೆ ವರ್ಷಗಟ್ಟಲೆ ಒಂದೇ ಹೆಸರು ಇಟ್ಟಿದ್ದ ಕಂಪನಿ ಅದು. ಈಗ ಒಂದೇ ಕಂಪ್ಯೂಟರ್‌ನಲ್ಲಿ ಕ್ಲಾಸಿಕ್ ಔಟ್‌ಲುಕ್, ಹೊಸ ಔಟ್‌ಲುಕ್ ಅಕ್ಕಪಕ್ಕ ಇರುತ್ತವೆ. ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಆ್ಯಪ್‌ಗೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. ಹೊಸ ಔಟ್‌ಲುಕ್ ಹಳೆಯ ಕಾಮ್ (COM) ಎಂಬ ಬಗೆಯ ಆಡ್-ಇನ್ (ಜೋಡಿಸುವ ಪುಟ್ಟ ತಂತ್ರಾಂಶ)‌ಗಳನ್ನು ಒಪ್ಪುವುದಿಲ್ಲ, ಆಡಿಟರ್ ಆಫೀಸುಗಳ ಎಷ್ಟೋ ಕೆಲಸ ನಿಂತಿರುವುದೇ ಅವುಗಳ ಮೇಲೆ. ಆದರೆ ಇಲ್ಲಿ ಒಂದು ಒಳ್ಳೆಯ ಮಾತೂ ಹೇಳಬೇಕು: ಕ್ಲಾಸಿಕ್ ಔಟ್‌ಲುಕ್‌ಗೆ ಕನಿಷ್ಠ 2029ರವರೆಗೆ ಬೆಂಬಲ ಇರುತ್ತದೆ ಎಂದು ಅವರು ಪ್ರಕಟಿಸಿದ್ದಾರೆ. ನನಗೆ ಬೇಕಾದದ್ದು ಇದೇ. ತಾರೀಕು ಕೈಯಲ್ಲಿದ್ದರೆ ಸಣ್ಣ ಆಫೀಸು ಕೂಡ ಬಜೆಟ್ ಹಾಕಿಕೊಳ್ಳಬಹುದು, ಜನರಿಗೆ ಕಲಿಸಬಹುದು.

ಗೂಗಲ್ ವಿಷಯ ಚಿಕ್ಕದು. 2014ರಲ್ಲಿ ಜಿಮೇಲ್ ಜೊತೆಗೇ ಇನ್‌ಬಾಕ್ಸ್ ಎಂಬುದನ್ನು ತಂದರು, 2019ರ ಏಪ್ರಿಲ್‌ನಲ್ಲಿ ಮುಚ್ಚಿದರು. ಮೇಲ್‌ಗಳು ಜಿಮೇಲ್‌ನಲ್ಲೇ ಇದ್ದುದರಿಂದ ಯಾರದೂ ಕಳೆದುಹೋಗಲಿಲ್ಲ. ಎರಡಕ್ಕೂ ಒಂದೇ ಕಣಜ ಇದ್ದರೆ ಮುಚ್ಚಿದ್ದೂ ಇಷ್ಟು ಹಗುರವಾಗುತ್ತದೆ.

ರಿನ್ಯೂವಲ್ ಹತ್ತಿರ ಬಂದಿರುವವರಿಗೆ ನನ್ನ ಕೋರಿಕೆ. ಡೊಮೇನ್ (ಇಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು) ನಿಮ್ಮ ಹೆಸರಿನಲ್ಲೇ ಇರಲಿ, ಮಾರಾಟಗಾರರ ಹೆಸರಿನಲ್ಲಿ ಬೇಡ. ವಿಳಾಸ ನಿಮ್ಮದಾದರೆ ಹಿಂದಿನ ಸರ್ವರ್ ಯಾರದಾದರೂ ಬದಲಿಸಬಹುದು. ರಜೆ, ಖರೀದಿ ಒಪ್ಪಿಗೆಗಳನ್ನು ಇಮೇಲ್ ತಂತ್ರಾಂಶದೊಳಗೆ ಕಟ್ಟಬೇಡಿ. ಎಲ್ಲ ಮೇಲ್‌ಗಳನ್ನೂ ಎಂಬಾಕ್ಸ್ ಅಥವಾ ಇಎಂಎಲ್‌ನಂಥ ಮುಕ್ತ ರೂಪದಲ್ಲಿ ಹೊರತೆಗೆದುಕೊಳ್ಳಲು ಸಾಧ್ಯವೇ ಎಂದು ಕೊಳ್ಳುವ ಮೊದಲೇ ಒಂದು ಖಾತೆಯ ಮೇಲೆ ಪರೀಕ್ಷಿಸಿ. ಪ್ರತಿನಿಧಿ ಬಂದಾಗ ಈ ಎರಡು ಪ್ರಶ್ನೆ ಕೇಳಿ: ಇದೇ ಕೆಲಸ ಮಾಡುವ ನಿಮ್ಮ ಇನ್ನೊಂದು ಉತ್ಪನ್ನ ಯಾವುದು? ಇದನ್ನು ನಿಲ್ಲಿಸುವುದಾದರೆ ಎಷ್ಟು ತಿಂಗಳು ಮೊದಲು ಹೇಳುತ್ತೀರಿ, ಸಾಗಿಸುವ ಖರ್ಚು ಯಾರದು? ಉತ್ತರ ಬಾಯಲ್ಲಿ ಬೇಡ, ಕಂಪನಿಯ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿಸಿಕೊಂಡು ಪರ್ಚೇಸ್ ಆರ್ಡರ್ ಜೊತೆಗೇ ಫೈಲ್ ಮಾಡಿ. ಹಾಗೆ ಬರೆಸಿಕೊಂಡವರು ಯಾರಾದರೂ ಇಲ್ಲಿದ್ದರೆ, ಹೆಸರು ಮುಚ್ಚಿ ಆ ಷರತ್ತಿನ ಸಾಲುಗಳನ್ನು ಕೆಳಗೆ ಹಾಕಿ. ಉಳಿದ ಆಫೀಸಿನವರಿಗೂ ಅದೇ ನಮೂನೆ ಆಗುತ್ತದೆ.