ಹೃದಯಕ್ಕೊಂದು ಸೇಬಿನ ಹಾರ

ತುಮಕೂರಿನವರಿಗೆ ಹೃದಯದ ಮೇಲೆ ಕಾಳಜಿ ಇಲ್ಲ ಅನ್ನುವವರನ್ನು ಸೆಪ್ಟೆಂಬರ್ 29ರ ಬೆಳಿಗ್ಗೆ ಟೌನ್‌ಹಾಲ್ ಸರ್ಕಲ್‌ಗೆ ಕರೆದುಕೊಂಡು ಬನ್ನಿ. ಅವತ್ತು ವಿಶ್ವ ಹೃದಯ ದಿನ. ಜಾಥಾ ಆರು ಗಂಟೆಗೆ ಅಂತ ಫ್ಲೆಕ್ಸ್‌ನಲ್ಲಿರುತ್ತದೆ, ಅಣ್ಣ ಬರುವುದು ಎಂಟೂವರೆಗೆ. ಅಲ್ಲಿವರೆಗೆ ಕಾಲೇಜು ಹುಡುಗರು ಬಿಳಿ ಟೀ ಶರ್ಟು ತೊಟ್ಟು ಬಿಸಿಲು ಕಾಯುತ್ತಾರೆ. ಅಣ್ಣ ಬಂದವರೇ ಬಾವುಟ ಆಡಿಸಿ, ಕ್ಯಾಮೆರಾಗೆಂದು ನಾಲ್ಕು ಹೆಜ್ಜೆ ನಡೆದು, ಮಿಕ್ಕ ದಾರಿಗೆ ಕಾರು ಹತ್ತುತ್ತಾರೆ. ನಡಿಗೆಯ ಮಹತ್ವದ ಬಗ್ಗೆ ಭಾಷಣ ಇದೆಯಲ್ಲ, ಬೇಗ ತಲುಪಬೇಕು.

ವೇದಿಕೆ ಹತ್ತಿರ ಕ್ರೇನ್ ಸಿದ್ಧವಿರುತ್ತದೆ. ಮೇಲಿಂದ ಆಳುದ್ದದ ಸೇಬಿನ ಹಾರ ಇಳಿಯುತ್ತದೆ. ಹಣ್ಣು ಹೃದಯಕ್ಕೆ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದನ್ನು ಇಷ್ಟು ಎತ್ತರಕ್ಕೆ ಕೊಂಡೊಯ್ದ ಊರು ಇನ್ನೊಂದಿರಲಿಕ್ಕಿಲ್ಲ. ಹಾರ ಅಣ್ಣನ ಕೊರಳು ಮುಟ್ಟಿದ ಕೂಡಲೇ ಅಭಿಮಾನಿಗಳು ಮುಗಿಬಿದ್ದು ಹಣ್ಣು ಕಿತ್ತುಕೊಳ್ಳುತ್ತಾರೆ. ಅವತ್ತಿನ ಕಾರ್ಯಕ್ರಮದಲ್ಲಿ ನಿಜವಾದ ವ್ಯಾಯಾಮ ಅಂದರೆ ಅದೊಂದೇ.

ಶಾಮಿಯಾನದ ಮೂಲೆಯಲ್ಲಿ ಉಚಿತ ತಪಾಸಣೆಯ ಟೇಬಲ್ಲು. ತುಂಬು ತೋಳಿನ ಶರ್ಟು, ಅದರ ಮೇಲೊಂದು ಸ್ವೆಟರು, ಅದರ ಮೇಲೆ ಬಿಪಿ ಪಟ್ಟಿ. ಮುಂದಿನವರ ಬೆರಳಿಗೆ ಸೂಜಿ.

"ತಿಂಡಿ ಆಯ್ತಾ ಯಜಮಾನ್ರೇ?"

"ಇಲ್ಲ ಕಣಮ್ಮ, ಖಾಲಿ ಹೊಟ್ಟೆ. ಬರ್ತಾ ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ಹಾಕ್ಕೊಂಡೆ ಅಷ್ಟೆ. ಬೆಣ್ಣೆ ಕಮ್ಮಿ ಹಾಕು ಅಂದಿದ್ದೆ."

ಸಕ್ಕರೆ ಇನ್ನೂರ ನಲವತ್ತು ತೋರಿಸುತ್ತದೆ. ಯಜಮಾನರು ಮಿಷಿನ್ ಸರಿ ಇಲ್ಲ ಅಂತ ತೀರ್ಪು ಕೊಟ್ಟು ಎದ್ದು ಹೋಗುತ್ತಾರೆ.

ಅದೇ ಟೇಬಲ್ಲಿನ ಮೇಲೆ ಇನ್ನೊಂದು ಉಪಕರಣ ಇರುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ, ಟೈಲರುಗಳ ಕತ್ತಿನಲ್ಲಿ ನೇತಾಡುವ ಅಳತೆ ಟೇಪು. ನಮ್ಮ ಕಡೆಯ ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದ್ದು 80 ದಾಟಿದರೆ ಸಕ್ಕರೆ, ಬಿಪಿ, ಹೃದಯ ಮೂರಕ್ಕೂ ಸಂಚಕಾರ ಅನ್ನುವುದು ವೈದ್ಯರ ಲೆಕ್ಕ. ಹೊಸದಾಗಿ ಕೆಲಸಕ್ಕೆ ಸೇರಿದ ಸಿಸ್ಟರ್ ಒಬ್ಬರು ಇದನ್ನು ನಿಜವೆಂದು ನಂಬಿ ಟೇಪು ಹಿಡಿದು ವೇದಿಕೆ ಹತ್ತಲು ಹೋದರಂತೆ. ಹಿಂಬಾಲಕರು ಅಡ್ಡ ಬಂದರು. "ಏನಮ್ಮಾ, ಅಣ್ಣಂಗೆ ಜುಬ್ಬ ಹೊಲೀತೀಯಾ?" ಆ ಕ್ಷಣ ವೇದಿಕೆಯ ಮೇಲಿನ ಗಣ್ಯರೆಲ್ಲ ಒಟ್ಟಿಗೆ ಉಸಿರು ಒಳಗೆಳೆದುಕೊಂಡದ್ದನ್ನು ಕಂಡವರಿದ್ದಾರೆ. ಅಳೆದಿದ್ದರೆ ಪಾಸಾಗುತ್ತಿದ್ದವನು ಮೈಕ್ ಸೆಟ್ ಹುಡುಗ ಒಬ್ಬನೇ.

ಅವನಿಗೂ ಗ್ಯಾರಂಟಿ ಇಲ್ಲ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ಇಬ್ಬರು ಡಾಕ್ಟರುಗಳ ಫೋಟೋ ಅಚ್ಚು ಹಾಕಿತ್ತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯೂಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ: 22.3. ಮೈಯ ಕೊಬ್ಬು ಅಳೆದಾಗ ಯೂಡ್ಕಿನ್‌ರದ್ದು ಶೇ 9.1, ನಮ್ಮವರದ್ದು ಶೇ 21.2! ನೋಡಲು ಸಣಕಲು, ಒಳಗೆಲ್ಲ ಕೊಬ್ಬು. ಅದೇ ವರ್ಷ ಬಂದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ಹುಡುಕಿ, ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆ ಬೊಜ್ಜು ಸೇರಿ ಒಂಬತ್ತು ಕಾರಣಗಳೇ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ 90ರಷ್ಟಕ್ಕೆ ಹೊಣೆ ಎಂದಿತು. ದಕ್ಷಿಣ ಏಷ್ಯಾದವರಿಗೆ ಬೇರೆಯವರಿಗಿಂತ ಚಿಕ್ಕ ವಯಸ್ಸಿಗೇ ಬರುತ್ತದೆ ಎಂದೂ ಹೇಳಿತು.

ಇದನ್ನೆಲ್ಲ ಹೇಳಲು ಹೃದಯ ತಜ್ಞರಿಗೆ ಸಿಗುವುದು ಸನ್ಮಾನಕ್ಕೂ ವಂದನಾರ್ಪಣೆಗೂ ನಡುವಿನ ಐದು ನಿಮಿಷ. ಅದರಲ್ಲಿ ಎರಡು ನಿಮಿಷ ಗಣ್ಯರ ಹೆಸರು ಹೇಳುವುದಕ್ಕೇ ಹೋಗುತ್ತದೆ. ಅವರು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ 1948ರಿಂದ 5,209 ಜನರನ್ನು ಬೆನ್ನು ಬಿಡದೆ ಪರೀಕ್ಷಿಸಿ, ಬಿಪಿ, ಕೊಲೆಸ್ಟ್ರಾಲು, ಸಿಗರೇಟಿನ ನಂಟು ಪತ್ತೆ ಮಾಡಿದ ಕಥೆ ಶುರು ಮಾಡುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಲ್ಲುತ್ತಾರೆ. "ಅದೆಲ್ಲ ಬುಡಿ ಸಾರ್, ಕೋವಿಡ್ ವ್ಯಾಕ್ಸಿನ್ನಿಂದ ತಾನೆ?"

2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಟಿವಿಯಲ್ಲಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ತಜ್ಞರ ಸಮಿತಿ ಕೂತಿತು, ನೋಡಿತು, ಲಸಿಕೆಗೆ ನಂಟು ಕಾಣುವುದಿಲ್ಲ ಎಂದಿತು. ನಮಗೆ ಭಾರಿ ನಿರಾಸೆ. ತಪ್ಪು ಸೂಜಿಯದ್ದಾಗಿದ್ದರೆ ಸರ್ಕಾರ ಬದಲಾಗಬೇಕಿತ್ತು; ಸೊಂಟದ್ದಾದರೆ ನಾವು ಬದಲಾಗಬೇಕು!

ಹಾಗಂತ ಸಂಶೋಧನೆಯೆಲ್ಲ ಗಂಗಾಜಲ ಅಂತ ನಾನೇನೂ ಹೇಳುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದವರು ಹಾರ್ವರ್ಡ್ ಪಂಡಿತರಿಗೆ ಸುಮಾರು 6,500 ಡಾಲರ್ ಕೊಟ್ಟು ಲೇಖನ ಬರೆಸಿದರು. 1967ರಲ್ಲಿ ಅಚ್ಚಾಯಿತು: ಹೃದಯಕ್ಕೆ ಕೊಬ್ಬೇ ಖಳನಾಯಕ, ಸಕ್ಕರೆ ಪಾಪದ್ದು. ದುಡ್ಡಿನ ವ್ಯವಹಾರ ಹೊರಬಿದ್ದದ್ದು 2016ರಲ್ಲಿ. ಕೊಟ್ಟ ಕಾಲದ ಡಾಲರ್ ದರದಲ್ಲಿ ಅದು ನಮ್ಮ ಐವತ್ತು ಸಾವಿರ ರೂಪಾಯಿಯೂ ಆಗುವುದಿಲ್ಲ. ಇವತ್ತು ಅಷ್ಟಕ್ಕೆ ಕ್ರೇನು, ಸೇಬು ಎರಡೂ ಬರುವುದು ಅನುಮಾನ. ಪಾಪ, ಅಲ್ಲಿಯವರಿಗೆ ಲಂಚ ಕೊಡಬೇಕಾಯಿತು. ನಮ್ಮಲ್ಲಿ ಅದರ ಖರ್ಚೂ ಇಲ್ಲ. ಹೃದಯ ದಿನದ ಊಟಕ್ಕೆ ನಾವೇ ಚಂದಾ ಎತ್ತಿ, ನಾವೇ ಜಿಲೇಬಿ ಹಾಕಿಸಿ, "ಡಾಕ್ಟ್ರೇ, ಇನ್ನೊಂದು ತಗೊಳಿ" ಅಂತ ತಜ್ಞರ ಎಲೆಗೂ ಬಲವಂತವಾಗಿ ಬಡಿಸುತ್ತೇವೆ. ಅವರೂ ಬೇಡ ಅನ್ನುವುದಿಲ್ಲ ಅನ್ನುವುದು ಬೇರೆ ಮಾತು.

ಊಟಕ್ಕೆ ಏಳುವ ಮುಂಚೆ ಅಣ್ಣನ ಘೋಷಣೆ. ಜನರಲ್ಲಿ ಜಾಗೃತಿ ಮೂಡಿಸಲು ಸರ್ಕಲ್‌ನಲ್ಲಿ ಬೃಹತ್ ಹೃದಯದ ಪ್ರತಿಮೆ ಕೂರಿಸುತ್ತಾರಂತೆ, ಸುತ್ತ ಬಣ್ಣದ ಕಾರಂಜಿ, ರಾತ್ರಿ ಲೈಟಿಂಗು. ಚಪ್ಪಾಳೆಯೋ ಚಪ್ಪಾಳೆ. ಜಾಗ ಎಲ್ಲಿದೆ ಅಂತ ಪತ್ರಕರ್ತರೊಬ್ಬರು ಕೇಳಿದ್ದಕ್ಕೆ ಇಂಜಿನಿಯರ್ ಸಾಹೇಬರೇ ಉತ್ತರ ಕೊಟ್ಟರು: ಎರಡೂ ಕಡೆಯ ಫುಟ್‌ಪಾತ್ ತೆಗೆದರೆ ಆರಾಮಾಗಿ ಆಗುತ್ತದೆ.