ಹಸಿ ಚಹಾ, ಬೆಂದ ಚಹಾ

‘ಚಾ ಕಾಚೀ ಛೆ.’ ಚಹಾ ಹಸಿಯಾಗಿದೆ ಅಂತ. ಅಹಮದಾಬಾದಿನಲ್ಲಿ ಕನ್ನಡಿಗರ ಮನೆಯ ಚಹಾ ಒಂದು ಗುಟುಕು ಕುಡಿದ ಪಕ್ಕದ ಮನೆಯ ಬೆನ್, ಅಂದರೆ ಗುಜರಾತಿ ಅಕ್ಕ, ಇಷ್ಟು ಹೇಳಿ ಕಪ್ಪು ಕೆಳಗಿಟ್ಟರೆ ಯಾರಿಗಾದರೂ ಚುರ್ ಎನ್ನುತ್ತದೆ. ಅನ್ನ ಹಸಿ ಎನ್ನಲಿ, ಬೇಳೆ ಹಸಿ ಎನ್ನಲಿ, ಒಪ್ಪೋಣ. ಕುದಿಯುವ ಹಾಲಿಗೆ ಬಿಸಿ ಡಿಕಾಕ್ಷನ್ ಬೆರೆಸಿ ಹಬೆಯಾಡುವಾಗಲೇ ಕೊಟ್ಟದ್ದು ಹಸಿ ಹೇಗಾದೀತು? ಆದರೆ ಯೋಚಿಸಿದಷ್ಟೂ ಆ ಮಾತು ಸರಿ ಅನ್ನಿಸುತ್ತದೆ. ಬೆಂಗಳೂರು, ಮೈಸೂರು, ತುಮಕೂರಿನ ಕಡೆ ನಾವು ಚಹಾ ಬೇಯಿಸುವುದೇ ಇಲ್ಲ. ಬೆರೆಸುತ್ತೇವೆ.

ನಮ್ಮ ದರ್ಶಿನಿಗಳ ಕ್ರಮ ನೆನಪಿಸಿಕೊಳ್ಳಿ. ಒಂದು ಪಾತ್ರೆಯಲ್ಲಿ ಹಾಲು ಬೆಳಗಿನಿಂದ ಒಲೆಯ ಮೇಲೆ. ಇನ್ನೊಂದರ ಬಾಯಿಗೆ ಬಟ್ಟೆಯ ಚೀಲ, ಅದರೊಳಗೆ ಡಸ್ಟ್ ಟೀ, ಮೇಲಿಂದ ಕುದಿನೀರು. ಟೋಕನ್ ಇಟ್ಟ ಕೂಡಲೇ ಲೋಟಕ್ಕೆ ಸಕ್ಕರೆ, ಡಿಕಾಕ್ಷನ್, ಹಾಲು. ಎರಡು ಸಲ ಎತ್ತಿ ಸುರಿದರೆ ನೊರೆ ಬಂತು, ಟೀ ಆಯಿತು. ಕಾಫಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಾಫಿ ಬೀಜ ಹುರಿಯುವಾಗಲೇ ಪರಿಮಳವೆಲ್ಲ ಹುಟ್ಟಿರುತ್ತದೆ. ಪುಡಿಯನ್ನು ಮತ್ತೆ ಕುದಿಸಿದರೆ ಅದು ಹಾರಿಹೋಗಿ ಕಹಿ ಉಳಿಯುತ್ತದೆ, ಅದಕ್ಕೇ ತೊಟ್ಟು ತೊಟ್ಟಾಗಿ ಇಳಿಸುತ್ತೇವೆ. ಕಾಫಿಯ ನಾಡಿನವರಾದ ನಾವು ಚಹಾಕ್ಕೂ ಅದೇ ಶಾಸ್ತ್ರ ಹೇರಿದೆವು ಅನ್ನುವುದು ನನ್ನ ಅನಿಸಿಕೆ. ಕೆಟ್ಟದ್ದು ಅಲ್ಲೇ.

ಇಳಿಸಿಟ್ಟ ಟೀ ಡಿಕಾಕ್ಷನ್ ಅರ್ಧ ಗಂಟೆಯಲ್ಲಿ ಮಂಕಾಗುತ್ತದೆ. ಚೀಲ ಅದರಲ್ಲೇ ಮುಳುಗಿ ಕೂತಿದ್ದರೆ ಒಗರು ಏರುತ್ತಲೇ ಹೋಗುತ್ತದೆ. ಆ ಒಗರು ಮುಚ್ಚಲು ಹಾಲು ಜಾಸ್ತಿ, ಹಾಲಿನ ಸಪ್ಪೆ ಮುಚ್ಚಲು ಸಕ್ಕರೆ ಜಾಸ್ತಿ. ಶುಂಠಿ ಟೀ ಕೇಳಿದರೆ ಜಜ್ಜಿದ ಶುಂಠಿಯನ್ನು ಡಿಕಾಕ್ಷನ್‌ಗೆ ಹಾಕಿ ಒಂದು ಕುದಿ ಕಾಣಿಸುತ್ತಾರೆ. ಮಸಾಲಾ ಟೀ ಅಂದರೆ ಸಿದ್ಧವಾದ ಲೋಟದ ಮೇಲೆ ಒಂದು ಚಿಟಿಕೆ ಪುಡಿ. ಅದು ತೇಲುತ್ತದೆ, ಗಂಟಲಿಗೆ ಅಂಟುತ್ತದೆ, ಚಹಾದೊಳಗೆ ಇಳಿಯುವುದೇ ಇಲ್ಲ. ಮಸಾಲೆಯ ಘಮ ಇರುವುದು ಅದರ ಎಣ್ಣೆಯಲ್ಲಿ. ಎಣ್ಣೆ ನೀರಿಗಿಂತ ಹಾಲಿನ ಜಿಡ್ಡಿಗೆ ಬೇಗ ಒಲಿಯುತ್ತದೆ, ಅದಕ್ಕೂ ಬಿಸಿ ಬೇಕು, ಸಮಯ ಬೇಕು. ಎರಡನ್ನೂ ಕೊಡದೆ ಪುಡಿಯನ್ನು ದೂರಿ ಏನು ಪ್ರಯೋಜನ?

ಅಹಮದಾಬಾದಿನಲ್ಲಿ ರಸ್ತೆ ಬದಿಯ ಚಹಾ ಅಂಗಡಿಗೆ ಹೆಸರೇ ಕೀಟಲಿ. ಅರ್ಧ ಕಪ್ಪಿಗೆ ‘ಅಡಧೀ’. ಅದನ್ನು ರಕಾಬಿಗೆ, ಅಂದರೆ ಬಸಿಗೆ, ಸುರಿದುಕೊಂಡು ಹೀರುವ ಹಿರಿಯರು ಇನ್ನೂ ಇದ್ದಾರೆ. ಲಾಲ್ ದರ್ವಾಜಾದ ಲಕ್ಕಿ ರೆಸ್ಟೋರೆಂಟಿನಲ್ಲಿ ಒಳಗೇ ಇರುವ ಹಳೆಯ ಗೋರಿಗಳ ನಡುವೆ ಕೂತು ಮಸ್ಕಾ ಬನ್, ಅಂದರೆ ಬೆಣ್ಣೆ ಹಚ್ಚಿದ ಬನ್, ಜೊತೆ ಕುಡಿಯುವ ಚಹಾವೂ ಇದೇ ವಂಶದ್ದು. ಕೀಟಲಿಯವನ ಮುಂದೆ ಹಾಲಿಗೊಂದು, ಡಿಕಾಕ್ಷನ್‌ಗೊಂದು ಅಂತ ಎರಡು ಪಾತ್ರೆ ಇರುವುದಿಲ್ಲ. ಇರುವುದು ಒಂದೇ, ನೀರಿನಿಂದ ಹಿಡಿದು ಸೋಸುವವರೆಗೆ ಎಲ್ಲ ಅದರಲ್ಲೇ.

ಮನೆಯಲ್ಲಿ ಎರಡು ದೊಡ್ಡ ಕಪ್ಪಿಗೆ ಅವರ ಲೆಕ್ಕ ಇದು. 200 ಮಿ.ಲೀ. ನೀರು, 200 ಮಿ.ಲೀ. ಹಾಲು; ಕುದಿದು ಕುದಿದು ಕೊನೆಗೆ ಉಳಿಯುವುದು 300ರ ಆಸುಪಾಸು. ಒಂದು ಇಂಚು ಹಸಿಶುಂಠಿ, ಎರಡು ಗರಿ ಮಜ್ಜಿಗೆಹುಲ್ಲು (ಲೆಮನ್ ಗ್ರಾಸ್), ಎಂಟು ಹತ್ತು ಪುದೀನ ಎಲೆ, ಎರಡು ಏಲಕ್ಕಿ, ಎರಡು ಚಮಚ ಕಾಳು ಚಹಾ, ಅಂದರೆ ಸುಮಾರು 5 ಗ್ರಾಂ. ಸಕ್ಕರೆ ನಮಗೆ ಮೂರು ಚಮಚ, ಅವರಿಗೆ ನಾಲ್ಕು. ಮಜ್ಜಿಗೆಹುಲ್ಲನ್ನು ಅವರು ‘ಲೀಲೀ ಚಾ’, ಹಸಿರು ಚಹಾ, ಅನ್ನುತ್ತಾರೆ. ತರಕಾರಿ ಗಾಡಿಯಲ್ಲಿ ಪುದೀನದ ಪಕ್ಕದಲ್ಲೇ ಅದರ ಕಟ್ಟು ಇರುತ್ತದೆ. ನಮ್ಮ ಹಿತ್ತಲಲ್ಲಿ ಅದು ಪೊದೆಯಾಗಿ ಬೆಳೆದರೂ ಚಹಾಕ್ಕೆ ಹಾಕುವವರು ಎಷ್ಟು ಜನ?

ಮೊದಲು ನೀರು, ಜಜ್ಜಿದ ಶುಂಠಿ, ಕತ್ತರಿಯಲ್ಲಿ ಕತ್ತರಿಸಿದ ಮಜ್ಜಿಗೆಹುಲ್ಲು. ಮೂರು ನಾಲ್ಕು ನಿಮಿಷ ಕುದಿದು ನೀರು ತೆಳು ಹಳದಿಯಾಗಬೇಕು. ಆಮೇಲೆ ಚಹಾ, ಸಕ್ಕರೆ, ಎರಡು ನಿಮಿಷ. ಆಮೇಲೆ ಹಾಲು. ಈಗ ಉಕ್ಕು ಬರುತ್ತದೆ. ಗುಜರಾತಿಯಲ್ಲಿ ಅದು ‘ಊಭರೋ’. ಅಂಚಿಗೆ ಬಂದಾಗ ಉರಿ ತಗ್ಗಿಸಿ, ಸೌಟಿನಿಂದ ಎತ್ತಿ ಎತ್ತಿ ಸುರಿಯಬೇಕು; ಕೆನೆ ಕಟ್ಟುವುದಿಲ್ಲ, ಉಕ್ಕು ಇಳಿಯುತ್ತದೆ. ಮತ್ತೆ ಉರಿ ಏರಿಸಬೇಕು. ಹೀಗೆ ಮೂರೋ ನಾಲ್ಕೋ ಉಕ್ಕು, ಒಟ್ಟು ನಾಲ್ಕೈದು ನಿಮಿಷ. ಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗಿದಾಗ ಪುದೀನ, ಕುಟ್ಟಿದ ಏಲಕ್ಕಿ, ಕಾಲು ಚಮಚ ಮಸಾಲೆ ಹಾಕಿ, ಒಂದು ಕುದಿ ಬಂದಮೇಲೆ ಇಳಿಸಿ, ಮುಚ್ಚಿ, ಒಂದು ನಿಮಿಷ ಬಿಟ್ಟು ಸೋಸುವುದು. ಜಾಲರಿಯಲ್ಲಿ ಉಳಿದ ಚರಟವನ್ನು ಚಮಚದಿಂದ ಒತ್ತಿ ಹಿಂಡಬಾರದು. ಕೊನೆಯ ಆ ನಾಲ್ಕು ಹನಿಯಲ್ಲಿರುವುದು ಬರೀ ಒಗರು.

ಈ ಕ್ರಮ ಒಂದಿಷ್ಟು ಹಿಂದುಮುಂದಾದರೂ ಚಹಾ ಕೆಡುತ್ತದೆ. ಶುಂಠಿಯದ್ದೇ ಮುಖ್ಯ. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವವಿದೆ. ಸುಮಾರು 60 ಡಿಗ್ರಿ ಬಿಸಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಕುದಿಯಲ್ಲಿ ಸಾಯುತ್ತದೆ. ಚೀನಾದ ಗುವಾಂಗ್‌ಡಾಂಗ್ ಕಡೆ ಬಿಸಿ ಹಾಲಿಗೆ ಶುಂಠಿ ರಸ ಬಿಟ್ಟು ಬೇಕೆಂದೇ ಗಟ್ಟಿ ಮಾಡಿ ತಿನ್ನುತ್ತಾರೆ. ಚಹಾಕ್ಕೆ ಅದೇ ಗುಣ ಶತ್ರು. ತಣ್ಣನೆಯ ಹಾಲಿಗೆ ಶುಂಠಿ ಹಾಕಿ ನಿಧಾನ ಕಾಯಿಸಿದರೆ ಹಾಲು ಒಡೆಯುತ್ತದೆ, ನಾವು ನಂದಿನಿಯವರನ್ನೋ ಹಾಲಿನ ಹುಡುಗನನ್ನೋ ಬೈಯುತ್ತೇವೆ. ಶುಂಠಿ ಮೊದಲು ನೀರಲ್ಲಿ ಕುದಿಯಬೇಕು ಅನ್ನುವುದಕ್ಕೆ ಇದೇ ಕಾರಣ. ಬೆಲ್ಲದ ಚಹಾ ಮಾಡುವವರು ಬೆಲ್ಲವನ್ನು ಒಲೆ ಆರಿಸಿದ ಮೇಲೆ ಹಾಕಲಿ, ಇಲ್ಲದಿದ್ದರೆ ಅಲ್ಲೂ ಒಡೆಯುವ ಭಯವಿದೆ. ಚಕ್ಕೆ ಪುಡಿ ಜಾಸ್ತಿಯಾದರೆ ಚಹಾ ಲೋಳೆಯಾಗುತ್ತದೆ, ಲವಂಗ ಜಾಸ್ತಿಯಾದರೆ ನಾಲಿಗೆ ಜೋಮು ಹಿಡಿಯುತ್ತದೆ. ಏಲಕ್ಕಿಯನ್ನು ಮೊದಲೇ ಹಾಕಿ ಹತ್ತು ನಿಮಿಷ ಕುದಿಸಿದರೆ ಘಮ ಬೀದಿಗೆ, ಸಿಪ್ಪೆ ನಮಗೆ.

ಹಾಲಿಗೂ ಟ್ಯಾನಿನ್ನಿಗೂ, ಅಂದರೆ ಚಹಾಕ್ಕೆ ಒಗರು ಕೊಡುವ ಅಂಶಕ್ಕೂ, ಇರುವ ಲೆಕ್ಕವನ್ನೂ ಸ್ಪಷ್ಟ ಮಾಡಬೇಕು. ಚಹಾದ ಒಗರು ಹಾಲಿನ ಪ್ರೋಟೀನಾದ ಕೇಸೀನ್‌ಗೆ ಅಂಟಿಕೊಂಡು ಮೆತ್ತಗಾಗುವುದು ನಮ್ಮ ಬೆರೆಸಿದ ಟೀಯಲ್ಲೂ ಆಗುತ್ತದೆ. ಬೇಯಿಸಿದರೆ ಸಿಗುವುದು ಬೇರೆ. ನೀರು ಇಂಗಿ ಹಾಲು ಒಂದಿಷ್ಟು ಗಟ್ಟಿಯಾಗುತ್ತದೆ, ಕಾದ ಹಾಲಿನ ಸಿಹಿ ಚಹಾದೊಳಗೇ ಹುಟ್ಟುತ್ತದೆ, ಶುಂಠಿ ಮತ್ತು ಹುಲ್ಲಿನ ಎಣ್ಣೆ ಜಿಡ್ಡಿನಲ್ಲಿ ಕರಗುತ್ತದೆ. ಅಲ್ಲಿನ ಮನೆಗಳಲ್ಲಿ ಬಳಸುವ ಅಮುಲ್ ಗೋಲ್ಡ್‌ನಲ್ಲಿ ಜಿಡ್ಡು ಶೇ. 6. ನಮ್ಮ ನೀಲಿ ಪ್ಯಾಕೆಟ್ ನಂದಿನಿಯಲ್ಲಿ ಶೇ. 3. ನೀಲಿ ಪ್ಯಾಕೆಟ್ಟಿನಲ್ಲಿ ಸಮಪಾಲು ಮಾಡಿದರೆ ನೀರು ನೀರಾಗುತ್ತದೆ. ಒಂದು ಪಾಲು ನೀರಿಗೆ ಒಂದೂವರೆ ಪಾಲು ಹಾಲು ಬೇಕು. ಪುಡಿಯೂ ಬದಲಾಗಬೇಕು. ದಕ್ಷಿಣದಲ್ಲಿ ಹೆಚ್ಚು ಮಾರುವ ಡಸ್ಟ್ ಡಿಕಾಕ್ಷನ್‌ಗೆ ಹೇಳಿ ಮಾಡಿಸಿದ್ದು. ಐದು ನಿಮಿಷ ಕುದಿಸಿದರೆ ಅದು ಕಹಿಯಾಗುತ್ತದೆ, ಜಾಲರಿಯಿಂದಲೂ ಇಳಿಯುತ್ತದೆ. ಬೇಯಿಸುವ ಚಹಾಕ್ಕೆ ಅಸ್ಸಾಮಿನ ದಪ್ಪ ಕಾಳೇ ಬೇಕು. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಾರದೆ ಇದ್ದಿದ್ದರೆ ಕಡಿಮೆ ಬೆಲೆಗೆ ಇಷ್ಟು ಗಟ್ಟಿ ಚಹಾ ಕೀಟಲಿಯವರಿಗೆ ಸಿಗುತ್ತಿರಲಿಲ್ಲ. ಡಾರ್ಜಿಲಿಂಗಿನ ಎಲೆಯನ್ನು ಹೀಗೆ ಕುದಿಸಿದರೆ ಅದು ಕೊಂದಂತೆಯೇ.

ಮಸಾಲೆ ಪುಡಿ ಅಂಗಡಿಯದ್ದು ಬೇಡ. ಒಣಶುಂಠಿ 50 ಗ್ರಾಂ, ಕಾಳುಮೆಣಸು 25, ಏಲಕ್ಕಿ 20, ಚಕ್ಕೆ 10, ಲವಂಗ 5, ಅರ್ಧ ಜಾಯಿಕಾಯಿ. ಚಳಿಗಾಲಕ್ಕೆ 10 ಗ್ರಾಂ ಗಂಠೋಡಾ, ಅಂದರೆ ಹಿಪ್ಪಲಿ ಬೇರು. ಹುರಿಯುವುದು ಬೇಡ, ಬಿಸಿಲಿಗಿಟ್ಟು ಗರಿಗರಿ ಮಾಡಿ ಪುಡಿ ಮಾಡಿದರೆ ಸಾಕು. ಬಿಗಿ ಮುಚ್ಚಳದ ಬಾಟಲಿಯಲ್ಲಿ ಎರಡು ತಿಂಗಳು ಘಮ ನಿಲ್ಲುತ್ತದೆ.

ಈ ಪಟ್ಟಿ ಓದುವಾಗ ಮಲೆನಾಡಿನವರಿಗೆ, ಕರಾವಳಿಯವರಿಗೆ ಅಜ್ಜಿಯ ಕಷಾಯದ ಡಬ್ಬಿ ನೆನಪಾಗಿರಬೇಕು. ನನ್ನ ಅಸಹನೆ ಇರುವುದೇ ಇಲ್ಲಿ. ಕೊತ್ತಂಬರಿ, ಜೀರಿಗೆ, ಮೆಣಸು, ಶುಂಠಿ ನೀರಲ್ಲಿ ಚೆನ್ನಾಗಿ ಕುದಿಯಬೇಕು, ಹಾಲು ಆಮೇಲೆ, ಬೆಲ್ಲದ ವಿಷಯದಲ್ಲಿ ಜಾಗ್ರತೆ: ಗುಜರಾತಿನ ಚಹಾದ ವಿದ್ಯೆ ಪೂರ್ತಿ ನಮ್ಮ ಮನೆಯಲ್ಲೇ ಇತ್ತು. ಗುಜರಾತಿಗಳಿಗೂ ಚಹಾ ಇಲ್ಲದ ‘ಉಕಾಳೋ’ ಇದೆ, ನಮ್ಮ ಕಷಾಯದ ಅಕ್ಕನಂಥದ್ದು. ಅವರು ಉಕಾಳೋದ ಬುದ್ಧಿಯನ್ನು ಚಹಾಕ್ಕೆ ತಂದರು. ನಾವು ಕಷಾಯವನ್ನು ಶೀತ ನೆಗಡಿಗೆ ಮೀಸಲಿಟ್ಟು, ಚಹಾವನ್ನು ಕಾಫಿಯ ಫಿಲ್ಟರಿನ ಪಕ್ಕಕ್ಕೆ ತಳ್ಳಿದೆವು. ಹಾಗಂತ ಕಷಾಯದ ಪುಡಿಯನ್ನೇ ಚಹಾಕ್ಕೆ ಸುರಿಯಬೇಡಿ. ಹುರಿದ ಕೊತ್ತಂಬರಿ, ಜೀರಿಗೆ ಚಹಾವನ್ನು ಸಾರಿನ ದಾರಿಗೆ ಎಳೆಯುತ್ತವೆ.

ಹುಬ್ಬಳ್ಳಿ, ಬೆಳಗಾವಿಯವರು ಇಷ್ಟು ಹೊತ್ತಿಗೆ ಸಿಟ್ಟಾಗಿರಬಹುದು. ಅವರದ್ದು ಮೊದಲಿನಿಂದಲೂ ಕುದಿಸಿದ ಚಹಾವೇ, ಈ ದೂರು ಅವರಿಗಲ್ಲ. ದರ್ಶಿನಿಯವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಬೆಳಗಿನ ನೂಕುನುಗ್ಗಲಿನಲ್ಲಿ ನಿಮಿಷಕ್ಕೆ ಹತ್ತು ಲೋಟ ಕೊಡಬೇಕಾದರೆ ಬೆರೆಸುವ ದಾರಿಯೇ ದಾರಿ. ಸ್ಟ್ರಾಂಗ್, ಲೈಟ್, ಸಕ್ಕರೆ ಕಮ್ಮಿ, ಸಕ್ಕರೆ ಬೇಡ, ಬೈ ಟೂ: ಕೇಳಿದವರಿಗೆ ಕೇಳಿದಂತೆ ಕೊಡುವುದು ಅಲ್ಲಿ ಮಾತ್ರ ಸಾಧ್ಯ. ಕೀಟಲಿಯಲ್ಲಿ ಸಕ್ಕರೆ ಮೊದಲೇ ಪಾತ್ರೆಗೆ ಬಿದ್ದಿರುತ್ತದೆ, ಅದೂ ಧಾರಾಳವಾಗಿ. ಸಕ್ಕರೆ ಕಾಯಿಲೆಯವರು ಅಲ್ಲಿ ನಿಂತು ನೋಡಬೇಕಷ್ಟೆ. ಸಂಜೆ ನಾಲ್ಕಕ್ಕೆ ಒಂದು ಲೋಟ ಸರಿಯಾದ ಫಿಲ್ಟರ್ ಕಾಫಿಗೆ ಇಡೀ ಅಹಮದಾಬಾದು ಅಲೆದರೂ ಆ ರುಚಿ ಸಿಗುವುದು ಕಷ್ಟ ಅನ್ನುವುದನ್ನೂ ಒಪ್ಪುತ್ತೇನೆ.

ಆದರೂ ಮಧ್ಯಾಹ್ನ ಮೂರರಿಂದ ಆರರವರೆಗೆ, ನೂಕು ಕಡಿಮೆ ಇರುವಾಗ, ನಮ್ಮ ದರ್ಶಿನಿಯಲ್ಲಿ ಒಂದು ಒಲೆ ಬೇಯಿಸಿದ ಚಹಾಕ್ಕೆ ಬಿಟ್ಟುಕೊಡಬಹುದಲ್ಲ? ಒಂದು ಲೀಟರ್ ನೀರು, ಒಂದೂವರೆ ಲೀಟರ್ ಹಾಲು, 30 ಗ್ರಾಂ ಕಾಳು ಚಹಾ, 50 ಗ್ರಾಂ ಶುಂಠಿ, ಹಿತ್ತಲಿನಿಂದ ಒಂದು ಹಿಡಿ ಮಜ್ಜಿಗೆಹುಲ್ಲು. ಇಪ್ಪತ್ತು ಸಣ್ಣ ಲೋಟಕ್ಕೆ ಸಾಕು, ಹೆಚ್ಚೆಂದರೆ ಇಪ್ಪತ್ತು ನಿಮಿಷದ ಕೆಲಸ. ಸಕ್ಕರೆಯನ್ನು ಮಾತ್ರ ನಮ್ಮ ಪದ್ಧತಿಯಂತೆ ಲೋಟಕ್ಕೇ ಹಾಕಲಿ.